ಬೀಸುವ ಕಲ್ಲು ಹೊತ್ತ ಸ್ಪೀಕರ್

ಹೋದ ವಾರ ಮಧುಗಿರಿಯ ಬಸ್ ಸ್ಟ್ಯಾಂಡ್ ಹಿಂದೆ ನನ್ನ ಹಳೆಯ ಸ್ಕೂಟರ್ ಪಂಕ್ಚರ್ ಆಯಿತು. ಅಲ್ಲೇ ಇದ್ದ ಅಂಗಡಿಯಾತ ಟ್ಯೂಬನ್ನು ಹೊರಗೆಳೆದು, ತೂತು ಹುಡುಕಿ, ಉಜ್ಜಿ, ಸೊಲ್ಯೂಷನ್ನಿನ ಮುಚ್ಚಳ ತೆಗೆದ. ಮೂಗಿಗೆ ಬಡಿಯುವ ಆ ವಾಸನೆ ಬಂದದ್ದೇ ತಡ, ನಾನು ಬೆಂಚಿನ ಮೇಲೆ ಕೂತಲ್ಲಿಂದಲೇ ಪುರವರಕ್ಕೆ ಹೋಗಿಬಿಟ್ಟೆ. ಇಪ್ಪತ್ತೈದು ವರ್ಷದ ಹಿಂದಿನ ಪುರವರ. ಜಗಲಿಯ ಮೇಲೆ ಬೀಸುವ ಕಲ್ಲನ್ನು ಬೋರಲು ಹಾಕಿಕೊಂಡು, ಅದರ ಅಡಿಗೆ ಸೈಕಲ್ ಟ್ಯೂಬಿನ ತುಂಡುಗಳನ್ನು ಇದೇ ಸೊಲ್ಯೂಷನ್ ಹಚ್ಚಿ ಅಂಟಿಸುತ್ತಾ ಕೂತ ಮೈಕಣ್ಣ...

ಆಗ ನಾನು ಅಲ್ಲಿನ ಪ್ರೈಮರಿ ಶಾಲೆಯಲ್ಲಿ ಟೀಚರು. ನಾನಿದ್ದ ಬಾಡಿಗೆ ಮನೆಗೆ ಅಂಟಿಕೊಂಡೇ ಅವರ ಮನೆ, ಮುಂದುಗಡೆ ಮೈಕ್ ಸೆಟ್ ಅಂಗಡಿ. ಊರಿನವರೆಲ್ಲ ಅವರನ್ನು ಮೈಕಣ್ಣ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ನಾಮಕರಣ, ಗೃಹಪ್ರವೇಶ, ನಾಟಕ, ಎಲ್ಲಕ್ಕೂ ಅವರದೇ ಸೆಟ್ಟು. ಶಾಲೆಯ ಕಾರ್ಯಕ್ರಮಕ್ಕೆ ಮಾತ್ರ ಬಾಡಿಗೆ ಮುಟ್ಟುತ್ತಿರಲಿಲ್ಲ. "ಮಕ್ಕಳ ದನಿಗೆ ಬಾಡಿಗೆ ಈಸ್ಕೊಂಡ್ರೆ ಒಳ್ಳೇದಾಗಕಿಲ್ಲ, ಬುಡಿ ಮೇಡಂ" ಎನ್ನುತ್ತಿದ್ದರು. ಆ ಉಪಕಾರದ ದಾಕ್ಷಿಣ್ಯ ನನ್ನ ಮೇಲೆ ಯಾವಾಗಲೂ ಇತ್ತು.

ಒಂದು ಸ್ವಾತಂತ್ರ್ಯ ದಿನಾಚರಣೆಯಲ್ಲಿ ಅವರ ಸ್ಪೀಕರ್ ಪೆಟ್ಟಿಗೆ ಜುಂಯ್ಯೆಂದು ಅದುರತೊಡಗಿತು. ಪ್ಲೈವುಡ್ಡಿನಲ್ಲಿ ಅವರೇ ಹೊಡೆದಿದ್ದ ಪೆಟ್ಟಿಗೆ. ಹೆಡ್‌ಮಾಸ್ಟರ ಭಾಷಣದಲ್ಲಿ ಒಂದು ಮಾತೂ ತಿಳಿಯುತ್ತಿರಲಿಲ್ಲ. (ಅದರಿಂದ ಯಾರಿಗೂ ನಷ್ಟವಾಗಲಿಲ್ಲ ಅನ್ನುವುದು ಬೇರೆ ಮಾತು.) ಮೈಕಣ್ಣ ಮನೆಗೆ ಓಡಿ, ಹಿಟ್ಟಿನ ಗಿರಣಿ ಬಂದ ಮೇಲೆ ಮೂಲೆ ಸೇರಿದ್ದ ಬೀಸುವ ಕಲ್ಲಿನ ಮೇಲಿನ ಹೋಳನ್ನು ಹೊತ್ತು ತಂದು ಪೆಟ್ಟಿಗೆಯ ಮೇಲೆ ಇಟ್ಟರು. ಅದುರುವುದು ನಿಂತೇ ಹೋಯಿತು. ದನಿ ತಿಳಿಯಾಗಿ, ತುಂಬಿಕೊಂಡು ಬಂತು. ಅದು ನಿಜ. ಅವತ್ತಿನದು ನಿಜ, ನನ್ನ ಕಿವಿಯಿಂದಲೇ ಕೇಳಿದ್ದೇನೆ.

ಅಲ್ಲಿಂದ ಅವರಿಗೆ ತೂಕದ ಮೇಲೆ ನಂಬಿಕೆ ಕೂತಿತು. ಪೆಟ್ಟಿಗೆಯ ಬಣ್ಣ ಕೆರೆಯಬಾರದೆಂದು ಕಲ್ಲಿನ ಅಡಿಗೆ ರಬ್ಬರು ಅಂಟಿಸಿದರು. ಎಲ್ಲಿಗೆ ಹೋದರೂ ಕಲ್ಲು ಜೊತೆಗೇ ಹೋಗುತ್ತಿತ್ತು. "ಸ್ಪೀಕರು ಒದೀತೈತೆ ಮೇಡಂ, ಎಮ್ಮೆಕರ ಇದ್ದಂಗೆ. ಅದುಮಿ ಹಿಡ್ಕಂಡ್ರೇನೇ ಸರಿಯಾಗಿ ಮಾತಾಡೋದು" ಎಂದು ನನಗೆ ಪಾಠ ಮಾಡಿದ್ದರು.

ಒಂದು ವರ್ಷ ಕಳೆದಿರಬೇಕು. ಭಾನುವಾರ ಬೆಳಗ್ಗೆ ಅಂಗಡಿಯ ಮುಂದೆ ಪೆಟ್ಟಿಗೆ ಇಟ್ಟು ಹಾಡು ಹಾಕಿದ್ದರು. ನಾನು ಹಾಲಿಗೆ ಹೊರಟಿದ್ದೆ. ಕರೆದು ನಿಲ್ಲಿಸಿ ಕೇಳಿದರು. "ಮೇಡಂ, ದನಿ ಜೊಳ್ಳು ಅನ್ಸಲ್ವಾ? ಕಾಳೇ ಇಲ್ದಂಗೆ?"

ನನಗೆ ಹಾಗೇನೂ ಅನ್ನಿಸಲಿಲ್ಲ. ಎಂದಿನಂತೆಯೇ ಇತ್ತು. ಆದರೆ ಅವರು ಅಷ್ಟು ಆಸೆಯಿಂದ ಮುಖ ನೋಡುತ್ತಿದ್ದರು. ಇಲ್ಲ ಎಂದರೆ ನನಗೇನೂ ತಿಳಿಯುವುದಿಲ್ಲ ಅಂದುಕೊಂಡಾರು, ಅಥವಾ ಬೇಜಾರು ಮಾಡಿಕೊಂಡಾರು... ಹಾಲು ಬೇರೆ ಮುಗಿದುಹೋಗುತ್ತಿತ್ತು. "ಹೌದಣ್ಣ, ಹಾಗೇ ಇದೆ" ಅಂದುಬಿಟ್ಟೆ.

"ನನ್ನೊಬ್ನಿಗೇ ಅಂದ್ಕಂಡಿದ್ದೆ" ಎಂದು ಅವರು ಉಸಿರು ಬಿಟ್ಟದ್ದು ಈಗಲೂ ನೆನಪಿದೆ. ಎದೆಯ ಮೇಲಿನ ಕಲ್ಲನ್ನು ಯಾರೋ ಇಳಿಸಿಕೊಂಡ ಹಾಗೆ ಅವರ ಮುಖ ಹಗುರಾಯಿತು. ನನಗೂ ಒಳ್ಳೆಯ ಕೆಲಸ ಮಾಡಿದಂತೆಯೇ ಅನ್ನಿಸಿತು.

ಆಮೇಲೆ ಪೆಟ್ಟಿಗೆಗಳಿಗೆ ಎರಡನೆಯ ಗೋಡೆ ಕೂರಿಸಿ ನಡುವೆ ಜಯಮಂಗಲಿ ಹೊಳೆಯ ಮರಳು ತುಂಬಿದರು. ಸ್ವಲ್ಪ ದಿನಕ್ಕೆ ದನಿ ಮತ್ತೆ ಜೊಳ್ಳಾಯಿತು. ಕಲ್ಲು ಕೆಲಸದವರಿಂದ ಚಪ್ಪಡಿಯ ತುಂಡು ತಂದು ಅಡಿಗೆ ಬೋಲ್ಟು ಹಾಕಿದರು. ಮತ್ತೆ ಜೊಳ್ಳು. ಪ್ರತಿ ಸಲವೂ ಸಾಕ್ಷಿಗೆ ನಾನು. ಮೊದಲು "ಜೊಳ್ಳು ಅಲ್ವಾ ಮೇಡಂ?" ಕಲ್ಲೋ ಮರಳೋ ಸೇರಿಸಿದ ಮೇಲೆ "ಈಗ ಒಸಿ ಗಟ್ಟಿಯಾಯ್ತಲ್ವಾ?" ಎರಡಕ್ಕೂ ನನ್ನದು ಒಂದೇ ಉತ್ತರ. ಹೌದಣ್ಣ, ಹಾಗೇ ಇದೆ. ಸುಳ್ಳು ಹೇಳಬಾರದು ಎಂದು ಮಕ್ಕಳಿಂದ ನೂರು ಸಲ ಕಾಪಿ ಬರೆಸುತ್ತಿದ್ದವಳೂ ನಾನೇ.

ಪೆಟ್ಟಿಗೆ ಎತ್ತಲು ನಾಲ್ಕು ಆಳು ಬೇಕಾಯಿತು. "ಇದೇನ್ ಮೈಕಣ್ಣಾ, ಹಾಡು ಹಾಕ್ತೀಯೋ ಪಾಯ ಹಾಕ್ತೀಯೋ?" ಎಂದು ಜನ ತಮಾಷೆ ಮಾಡಿದರು. ಮದುವೆ ಮನೆಯವರು ಕೊರಟಗೆರೆಯ ಸೆಟ್ಟು ಕರೆಸತೊಡಗಿದರು. ಮೈಕಣ್ಣನಿಗೆ ಅದರ ಯೋಚನೆಯೇ ಇರಲಿಲ್ಲ. ಕಳೆದುಹೋದ ಆ ತುಂಬು ದನಿಯನ್ನು ಒಂದು ಸಲ ಕೇಳಬೇಕು, ಅಷ್ಟೇ. ಪೆಟ್ಟಿಗೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಕಿವಿಯಲ್ಲಿ ಸದಾ ಹತ್ತಿ. ಧೂಳಿಗೆ ಇರಬೇಕೆಂದು ನಾನು ಅಂದುಕೊಂಡಿದ್ದೆ.

ಒಂದು ದಿನ ತಲೆಸುತ್ತು ಬಂದು ಅಂಗಡಿಯಲ್ಲೇ ಬಿದ್ದರು. ತುಮಕೂರಿಗೆ ಕರೆದುಕೊಂಡು ಹೋದಾಗ ಅಕ್ಕನ ಜೊತೆ, ಅಂದರೆ ಅವರ ಹೆಂಡತಿಯ ಜೊತೆ, ನಾನೂ ಇದ್ದೆ. ಎರಡೂ ಕಿವಿ ಸೋರಿ ಸೋರಿ ಒಳಗಿನ ಮೂಳೆಯೇ ತಿಂದುಹೋಗಿದೆ ಎಂದರು ಕಿವಿಯ ಡಾಕ್ಟರು. ಆಪರೇಷನ್ ಮಾಡಿ ಜೀವ ಉಳಿಸಬಹುದು, ಕಿವಿ ಬರುವುದಿಲ್ಲ. "ಎರಡು ವರ್ಷ ಮೊದಲೇ ಬಂದಿದ್ದರೆ ಉಳಿಸಬಹುದಿತ್ತು. ಸೌಂಡು ಕಡಿಮೆ ಅಂತ ಅವರಿಗೆ ಅನ್ನಿಸಲೇ ಇಲ್ಲವಾ?" ಎಂದು ಕೇಳಿದರು.

ಹೊರಗಿನ ಬೆಂಚಿನ ಮೇಲೆ ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿದಳು. "ದಿಂಬೆಲ್ಲಾ ಕೀವಾಯ್ತಿತ್ತು ಕಣಮ್ಮ. ಡಾಕ್ಟ್ರುತಾವ ಹೋಗಾನ ಅಂದ್ರೆ, ಕಿವಿ ನೆಟ್ಟಗೈತೆ ಕಣೇ, ಡಬ್ಬದಾಗೇ ಐಬು, ಮೇಡಂಗೂ ಅಂಗೇ ಕೇಳುಸ್ತೈತಂತೆ ಅನ್ನೋರು. ಓದ್ದೋರು ನೀವು. ನಿಮಗೂ ಅಂಗೇ ಕೇಳುಸ್ತೈತೆ ಅಂದ್ಮೇಲೆ ನಾನೂ ಸುಮ್ಕಾದೆ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ನಿಜ ಹೇಳಬೇಕಾದದ್ದು ಆಗಲೇ. ಹೇಳಲಿಲ್ಲ. ಅವಳ ಬೆನ್ನು ಸವರುತ್ತಾ ಕೂತೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ನಮ್ಮಮ್ಮ ಗಾದೆ ಹೇಳುತ್ತಿದ್ದಳು. ನನ್ನ ದಾಕ್ಷಿಣ್ಯವನ್ನು ಹೆತ್ತದ್ದು ಬೇರೆಯವರು.

ಆಪರೇಷನ್ ಆಯಿತು. ಸೆಟ್ಟು ಮಾರಿದರು. ಪೆಟ್ಟಿಗೆಗಳನ್ನು ಮಾತ್ರ ಯಾರೂ ಕೊಳ್ಳಲಿಲ್ಲ, ಬಿಚ್ಚಿ ಮರಳನ್ನು ಹಿತ್ತಲಿಗೆ ಸುರಿದರು. ಕಿವಿಗಿಡುವ ಮಿಷನ್ನೂ ಹಿಡಿಯಲಿಲ್ಲ. ಗಂಡ ಹೆಂಡತಿ ಅಕ್ಕನ ತವರು ಹೊಳವನಹಳ್ಳಿಗೆ ಹೋದರು. ನನಗೆ ಶಿರಾ ಕಡೆಗೆ ವರ್ಗವಾಯಿತು.

ಮೂರು ವರ್ಷದ ಮೇಲೆ ಹೊಳವನಹಳ್ಳಿ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಅವರು ಸಿಕ್ಕರು. ತೆಳ್ಳಗಾಗಿದ್ದರು. ನನ್ನನ್ನು ನೋಡಿದ ತಕ್ಷಣ ಎದ್ದು ನಿಂತು ಕೈಮುಗಿದರು. ಪಕ್ಕದಲ್ಲಿ ಕೂತು, ಅವರ ಕಿವಿಯ ಹತ್ತಿರ ಬಾಯಿಟ್ಟು, ಜೋರಾಗಿ ಹೇಳಿದೆ. ಅಣ್ಣ, ನನಗೆ ದನಿ ಯಾವತ್ತೂ ಜೊಳ್ಳಾಗಿ ಕೇಳಿರಲಿಲ್ಲ. ನಾನು ಸುಳ್ಳು ಹೇಳಿದೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನಾನು ಅಳುತ್ತಿದ್ದೆ.

ಮೈಕಣ್ಣ ನನ್ನ ತುಟಿಗಳನ್ನೇ ನೋಡುತ್ತಿದ್ದರು. ಆಮೇಲೆ ನಗುತ್ತಾ ತಲೆಯಾಡಿಸಿದರು.

"ಹೂಂ ಮೇಡಂ," ಅಂದರು. "ಅಂಗೇ ಐತೆ, ಅಂಗೇ ಐತೆ."

ಒಂದು ಮಾತೂ ಕೇಳಿಸಿರಲಿಲ್ಲ. ನನಗೆ ಬೇಜಾರಾಗಬಾರದೆಂದು ಹೂಂ ಅಂದದ್ದು. ಬರೆದುಕೊಡೋಣವೆಂದು ಬ್ಯಾಗಿನಲ್ಲಿ ಪೆನ್ನು ಹುಡುಕಿದೆ. ಅವರಿಗೆ ಓದಲು ಬರುವುದಿಲ್ಲ ಎಂಬುದು ಆಗ ನೆನಪಾಯಿತು. ಶಾಲೆಯ ಕರಪತ್ರಗಳನ್ನು ಓದಿ ಹೇಳುತ್ತಿದ್ದವಳು ನಾನೇ ಅಲ್ಲವೇ... ಬಸ್ಸು ಬಂತು. ಹತ್ತಿದೆ.

ಅದಾಗಿ ಎರಡನೆಯ ಬೇಸಿಗೆಯಲ್ಲಿ ಅವರು ಹೋದರೆಂದು ಗೊತ್ತಾಯಿತು. ಹಿಂದಿನಿಂದ ಬಂದ ಲಾರಿ ಹಾರನ್ ಹೊಡೆದಿತ್ತಂತೆ, ಮತ್ತೆ ಮತ್ತೆ ಹೊಡೆದಿತ್ತಂತೆ. ನನ್ನ ತಪ್ಪನ್ನು ನಾನು ಯಾರ ಹತ್ತಿರ ಒಪ್ಪಿಕೊಳ್ಳಬೇಕಿತ್ತೋ ಅವರಿಗೆ ಅದು ಮುಟ್ಟಲೇ ಇಲ್ಲ. ಇನ್ನು ಮುಟ್ಟುವುದೂ ಇಲ್ಲ.

ಪಂಕ್ಚರ್ ಅಂಗಡಿಯಾತ ಗಾಳಿ ತುಂಬಿ ಚಕ್ರ ಕೂರಿಸಿ, ಕೈ ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿದ. "ಒಸಿ ಅದುಮಿ ನೋಡಿ ಮೇಡಂ. ಗಾಳಿ ಸರಿಗೈತಾ?"

"ಹೌದಪ್ಪ, ಸರಿಯಾಗಿದೆ" ಅಂದೆ.

ಟೈರನ್ನು ಮುಟ್ಟಿಯೂ ನೋಡಿರಲಿಲ್ಲ.