ಡೆಲ್ಮರನ ನಿಧಾನದ ಚೆಂಡು

ಆ ಬೇಸಿಗೆಯಲ್ಲಿ ಡೆಲ್ಮರ್ ಹೋರ್ವತ್ ಎಡಗೈಯಲ್ಲಿ ಹಲ್ಲುಜ್ಜುವುದನ್ನು ಕಲಿತ. ಬಲಗೈ ಭುಜದ ಮಟ್ಟದವರೆಗೆ ಹೇಗೋ ಬರುತ್ತಿತ್ತು, ಅಲ್ಲಿಂದ ಮೇಲಕ್ಕೆ ಅದನ್ನು ಪುಸಲಾಯಿಸಬೇಕಿತ್ತು. ಅರವತ್ತಕ್ಕೆ ಎರಡು ವರ್ಷ ಬಾಕಿ. ಶಾಲೆ ಇದ್ದ ದಿನ ಬೆಳಗ್ಗೆ, ಮಧ್ಯಾಹ್ನ ಮಕ್ಕಳ ಬಸ್ಸು ಓಡಿಸುತ್ತಿದ್ದ. ಸಂಜೆಯಾದರೆ ಬೆಲ್‌ಫೋರ್ಡಿನ ಬೇಸ್‌ಬಾಲ್ ಮೈದಾನಕ್ಕೆ ಹೋಗಿ, ಸಂಬಳಕ್ಕೆ ಆಡುವ ಹುಡುಗರಿಗೆ ಪಂದ್ಯದ ಮೊದಲು ಕೈ ಕುದುರಲೆಂದು ಚೆಂಡು ಎಸೆಯುತ್ತಿದ್ದ. ದಿನಕ್ಕೆ ಇನ್ನೂರೈವತ್ತು ಚೆಂಡು, ಇಪ್ಪತ್ತೆರಡು ವರ್ಷ. ಪಂದ್ಯ ಶುರುವಾಗುವ ಹೊತ್ತಿಗೆ ಅವನು ಬೆವರು ಒರೆಸಿಕೊಂಡು ಮನೆಗೆ ಹೋಗಿರುತ್ತಿದ್ದ. ಅವನು ಎಸೆದದ್ದನ್ನು ನೋಡಲು ಯಾರೂ ಟಿಕೆಟ್ ಕೊಂಡವರಲ್ಲ.

ಹರೆಯದಲ್ಲಿ ಅವನೂ ದೊಡ್ಡ ಆಟಗಾರನಾಗಲು ಹೊರಟವನೇ. ಆಟಗಾರರನ್ನು ಆರಿಸಲು ಬಂದಿದ್ದ ಮುದುಕನೊಬ್ಬ ಅರ್ಧ ಗಂಟೆ ನೋಡಿ, "ನಿನ್ನ ಚೆಂಡು ತುಂಬಾ ಸಾಧು ಕಣಪ್ಪ, ಯಾರು ಬೇಕಾದ್ರೂ ಹೊಡೀಬಹುದು" ಎಂದು ಹೇಳಿ ಕಳಿಸಿದ್ದ. ಆ ಸಾಧು ಚೆಂಡೇ ಮುಂದೆ ಅವನ ಕೈಹಿಡಿಯಿತು. ಹೊಡೆಯಲು ಬರುವವನಿಗೆ ಬೇಕಾದದ್ದು ಅಂಥದ್ದೇ: ನೇರ, ಸೊಂಟದ ಎತ್ತರ, ಪ್ರತಿಸಲ ಅದೇ ಜಾಗಕ್ಕೆ. ಅವನ ಚೆಂಡು ಹೊಡೆದು ಕೈ ಕುದುರಿಸಿಕೊಂಡ ಹುಡುಗರು ದೊಡ್ಡ ಊರುಗಳ ತಂಡ ಸೇರಿದರು. ಹೋದಮೇಲೆ ಒಂದು ಕಾಗದ ಬರೆದವರು ಇಬ್ಬರೋ ಮೂವರೋ ಇರಬೇಕು.

ಬೆಲ್‌ಫೋರ್ಡಿನಲ್ಲಿ ಒಂದು ಪದ್ಧತಿ ಇದೆ. ಋತುವಿನ ಕೊನೆಯ ಭಾನುವಾರ ಪಂದ್ಯ ಮುಗಿದ ಮೇಲೆ ಮೈದಾನವನ್ನು ಊರಿನವರಿಗೆ ಬಿಡುತ್ತಾರೆ. ಸಾಲಿನಲ್ಲಿ ನಿಂತವರಿಗೆ ತಲಾ ಹತ್ತು ಚೆಂಡು, ಎಸೆಯುವವನು ಡೆಲ್ಮರನೇ. ಬ್ಯಾಟು ಮರದ್ದೇ ಆಗಿರಬೇಕು, ಪಾರ್ಕಿನಲ್ಲಿ ಆಡುವ ಅಲ್ಯೂಮಿನಿಯಂ ಕೋಲನ್ನು ಗೇಟಿನಲ್ಲೇ ಇಡಬೇಕು. ಎಡಗಡೆ ಗೋಡೆ ಮುನ್ನೂರ ಇಪ್ಪತ್ತೈದು ಅಡಿ ದೂರ, ಹನ್ನೆರಡು ಅಡಿ ಎತ್ತರ. ಅದರಾಚೆ ಬಿದ್ದರೆ ಹೋಮ್ ರನ್. ಅಗ್ನಿಶಾಮಕದವರು ಬಂದರು, ಕಲ್ಲುಗಣಿಯವರು ಬಂದರು, ಕಾಲೇಜಿನಲ್ಲಿ ಆಡಿದ್ದೇವೆಂದು ಮೀಸೆ ತಿರುವಿದವರೂ ಬಂದರು. ಇಪ್ಪತ್ತೆರಡು ವರ್ಷದಲ್ಲಿ ಊರಿನವನು ಹೊಡೆದ ಒಂದು ಚೆಂಡೂ ಆಚೆಗೆ ಹೋಗಿರಲಿಲ್ಲ.

ಕ್ಷೌರದಂಗಡಿಯಲ್ಲಿ ಚಳಿಗಾಲವಿಡೀ ಇದೇ ಮಾತು. ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುವವನಿಂದ ಅದು ಸಾಧ್ಯವೋ ಇಲ್ಲವೋ? ಸಾಧ್ಯವೇ ಇಲ್ಲ ಎನ್ನುವವರು ಒಂದು ಬೆಂಚು, ಡೆಲ್ಮರ್ ಚೆಂಡು ಸರಿಯಾಗಿ ಎಸೆಯುವುದಿಲ್ಲ ಎನ್ನುವವರು ಇನ್ನೊಂದು ಬೆಂಚು. ಡೆಲ್ಮರ್ ಕತ್ತರಿಯ ಕೆಳಗೆ ಕಣ್ಣು ಮುಚ್ಚಿಕೊಂಡು ಕುಳಿತು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ.

ಸರಿಯಾಗಿ ಎಸೆಯುವುದಿಲ್ಲ ಎಂಬ ಮಾತು ಸುಳ್ಳಲ್ಲ ಎಂದು ಅವನೊಬ್ಬನಿಗೆ ಗೊತ್ತಿತ್ತು. ಮೊದಲ ವರ್ಷ ಅವನು ತಂಡದ ಹುಡುಗರಿಗೆ ಎಸೆಯುವ ಹಾಗೆಯೇ ಊರಿನವರಿಗೂ ಎಸೆದಿದ್ದ. ಅರ್ಧ ಜನಕ್ಕೆ ಬ್ಯಾಟು ತಗುಲಲೇ ಇಲ್ಲ. ಭೂಗೋಳದ ಮೇಷ್ಟ್ರೊಬ್ಬರು ಹತ್ತಕ್ಕೆ ಹತ್ತೂ ಗಾಳಿಗೆ ಬೀಸಿ, ತಮ್ಮ ವಿದ್ಯಾರ್ಥಿಗಳ ಎದುರಿಗೇ ತಲೆ ತಗ್ಗಿಸಿಕೊಂಡು ಹೋದರು. ಡೆಲ್ಮರನಿಗೆ ಅದನ್ನು ನೋಡಲಾಗಲಿಲ್ಲ. ಮರುವರ್ಷದಿಂದ ಅವನೇ ವೇಗ ಇಳಿಸಿದ. ಎಲ್ಲರಿಗೂ ತಗುಲಿತು, ಎಲ್ಲರೂ ನಕ್ಕರು, ಮಕ್ಕಳಿಗೆ ಐಸ್‌ಕ್ರೀಂ ಕೊಡಿಸಿಕೊಂಡು ಮನೆಗೆ ಹೋದರು. ಆದರೆ ವೇಗದಲ್ಲಿ ಬಂದ ಚೆಂಡು ವೇಗದಲ್ಲೇ ಹಿಂದಿರುಗುತ್ತದೆ. ನಿಧಾನಕ್ಕೆ ಬಂದದ್ದನ್ನು ದೂರ ಕಳಿಸಲು ಪೂರ್ತಿ ಶಕ್ತಿಯನ್ನು ಹೊಡೆಯುವವನೇ ತುಂಬಬೇಕು. ಅಷ್ಟು ಶಕ್ತಿ ಮಾಂಸದಂಗಡಿಯವನಿಗೂ ಇರುವುದಿಲ್ಲ, ಅಂಚೆ ಕಚೇರಿಯವಳಿಗೂ ಇರುವುದಿಲ್ಲ. ಅವರು ಮಾತ್ರ ಬ್ಯಾಟು ಹಿಡಿದು ನಿಂತೊಡನೆ, "ಸ್ವಲ್ಪ ನಿಧಾನಕ್ಕೆ ಡೆಲ್ಮರ್" ಎಂದೇ ಕೇಳಿಕೊಳ್ಳುತ್ತಿದ್ದರು. ಇವನು ಹಾಗೇ ಮಾಡುತ್ತಿದ್ದ.

ಆ ವರ್ಷ ಆಗಸ್ಟ್‌ನಲ್ಲಿ ವೈದ್ಯರು ಅವನ ಭುಜದ ಚಿತ್ರ ತೆಗೆಸಿ ನೋಡಿ, ಈ ಋತು ಮುಗಿದ ಮೇಲೆ ಚೆಂಡು ಮುಟ್ಟಕೂಡದು ಎಂದರು. ತಂಡ ನಡೆಸುವ ಕ್ಲಬ್ಬಿನವರು ಬೇಸರ ಪಟ್ಟುಕೊಂಡು, ಮುಂದಿನ ವರ್ಷಕ್ಕೆ ಎಸೆಯುವ ಯಂತ್ರ ತರಿಸುವುದೆಂದು ತೀರ್ಮಾನ ಮಾಡಿದರು. ಡೆಲ್ಮರ್ ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಭಾಷಣ ಮಾಡುತ್ತಾರೆ, ಕೇಕು ಕತ್ತರಿಸುತ್ತಾರೆ. ಅವನಿಗೆ ಬೇಕಾಗಿದ್ದದ್ದು ಕೇಕು ಅಲ್ಲ. ಹೋಗುವ ಮೊದಲು ಊರಿನ ಒಬ್ಬನಾದರೂ, ಒಂದೇ ಒಂದು ಚೆಂಡನ್ನಾದರೂ, ತನ್ನ ಕೈಯಿಂದ ಹೋದದ್ದನ್ನು ಆ ಗೋಡೆಯಾಚೆ ಹಾಕುವುದನ್ನು ನೋಡಬೇಕಿತ್ತು. ಇಲ್ಲದಿದ್ದರೆ ಇಷ್ಟು ವರ್ಷ ತಾನು ಮಾಡಿದ್ದಾದರೂ ಏನು ಎಂದು ಅವನಿಗೆ ತಿಳಿಯುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಹೆಂಡತಿ ಅರ್ಡಿತ್ ಅವನ ಭುಜಕ್ಕೆ ಮುಲಾಮು ತಿಕ್ಕಿದಳು. ಆ ವಾಸನೆಗೆ ಅವರ ಮನೆಯ ಬೆಕ್ಕು ಎಂದೋ ಬೇರೆ ಕೋಣೆಗೆ ವಾಸ ಬದಲಿಸಿತ್ತು.

"ಎಷ್ಟು ಜನ ಬರ್ತಾರೆ?"

"ಮೂವತ್ತೋ ಮೂವತ್ತೈದೋ."

"ಮುನ್ನೂರು ಚೆಂಡು ಆಯ್ತಲ್ಲೋ! ಇವತ್ತು ಒಂದು ದಿನ ಬೇರೆ ಯಾರಾದ್ರೂ ಎಸೀಲಿ."

"ಇವತ್ತೊಂದೇ ದಿನ ಅಲ್ವೇನೇ ಇರೋದು."

"ಹಟ ನೋಡು. ಸಂಜೆ ಬಂದು ಸೂಪಿನ ಚಮಚ ಎತ್ತಕ್ಕಾಗಲ್ಲ ಅಂತ ನನ್ನ ಮುಖ ನೋಡ್ಬೇಡ" ಎಂದಳು ಅರ್ಡಿತ್. ಎಂದವಳು ಇನ್ನೊಂದು ಸಲ ಮುಲಾಮು ತಿಕ್ಕಿದಳು.

ಸಾಲಿನಲ್ಲಿ ಏಳನೆಯವನು ವೆಂಡೆಲ್ ಪ್ರಾಕ್. ಮಾಂಸದಂಗಡಿಯವನು, ಐವತ್ತೊಂದು ವರ್ಷ, ತೊಡೆಯಷ್ಟು ದಪ್ಪದ ತೋಳು, ಒಂದು ಮಂಡಿ ಕೆಟ್ಟದ್ದು. ಹತ್ತೊಂಬತ್ತು ವರ್ಷದಿಂದ ಈ ಕೊನೆಯ ಭಾನುವಾರವನ್ನು ಒಮ್ಮೆಯೂ ತಪ್ಪಿಸಿದವನಲ್ಲ. ಡೆಲ್ಮರ್ ನಂಬಿಕೊಂಡಿದ್ದದ್ದು ಇವನನ್ನೇ. ಅಷ್ಟು ಹೊತ್ತಿಗೆ ಡೆಲ್ಮರ್ ಅರವತ್ತು ಚೆಂಡು ಎಸೆದಾಗಿತ್ತು, ಬೆರಳ ತುದಿ ಜೋಮು ಹಿಡಿದಿತ್ತು.

"ಈ ಸಲ ಆ ಗೋಡೆಗೆ ಗ್ರಹಚಾರ ಕಾದಿದೆ" ಎಂದು ವೆಂಡೆಲ್ ಕೂಗಿದ.

"ಹೋದ ಸಲಾನೂ ಅದನ್ನೇ ಅಂದಿದ್ದೆ. ಗೋಡೆ ಚೆನ್ನಾಗೇ ಇದೆಯಪ್ಪ" ಎಂದು ಸಾಲಿನಿಂದ ಅಂಚೆ ಕಚೇರಿಯ ಲೊರೇನ್ ಕಾಲೆಳೆದಳು.

"ನೀನು ಸುಮ್ನಿರಮ್ಮ. ನಿಧಾನಕ್ಕೆ ಹಾಕು ಡೆಲ್ಮರ್."

ಡೆಲ್ಮರ್ ನಿಧಾನಕ್ಕೆ ಹಾಕಿದ. ಒಂದು, ಎರಡು, ಮೂರು. ವೆಂಡೆಲ್ ಪ್ರತಿಯೊಂದನ್ನೂ ಮುಗಿಲಿಗೆ ಎತ್ತಿ ಹೊಡೆದ. ಚೆಂಡು ಏರುವಾಗ ಜನ ಎದ್ದು ನಿಲ್ಲುತ್ತಿದ್ದರು, ಇಳಿಯುವಾಗ ಕೂರುತ್ತಿದ್ದರು. ಐದನೆಯದು ಗೋಡೆಗೆ ಹತ್ತು ಹೆಜ್ಜೆ ಈಚೆ ಬಿತ್ತು, ಆರನೆಯದು ಹದಿನೈದು ಹೆಜ್ಜೆ ಈಚೆ. ಏಳನೆಯದು ಮುಗಿದಾಗ ವೆಂಡೆಲ್ ಬ್ಯಾಟು ಊರಿಕೊಂಡು ಏದುಸಿರು ಬಿಡುತ್ತಿದ್ದ. ಅಂಗಿಯೆಲ್ಲ ಒದ್ದೆ. ಉಳಿದ ಮೂರೂ ಎಲ್ಲಿ ಬೀಳುತ್ತವೆಂದು ಡೆಲ್ಮರನಿಗೆ ಈಗಲೇ ಕಾಣುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಅವು ಬಿದ್ದದ್ದು ಅಲ್ಲೇ.

ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಎಂಟನೆಯ ಚೆಂಡನ್ನು ತಂಡದ ಹುಡುಗರಿಗೆ ಎಸೆಯುವಂತೆ ಎಸೆದ.

ವೆಂಡೆಲ್ ಬೀಸುವಷ್ಟರಲ್ಲಿ ಚೆಂಡು ಹಿಂದಿನ ಬಲೆಯಲ್ಲಿತ್ತು. ಬೀಸಿದ ರಭಸಕ್ಕೆ ಅವನು ಮಂಡಿ ಊರಿದ. ಜನ ಗೊಳ್ಳೆಂದು ನಕ್ಕರು.

"ಏನೋ ಇದು? ಜನರ ಮುಂದೆ ಮಾನ ಕಳೀಬೇಕು ಅಂತಾನಾ?"

"ಎದ್ದೇಳು ವೆಂಡೆಲ್. ನನ್ನ ಕೈ ಹಿಂದಕ್ಕೆ ಹೋದಾಗ್ಲೇ ಶುರು ಮಾಡು. ಎತ್ತಿ ಹೊಡೀಬೇಡ, ಸುಮ್ನೆ ಅಡ್ಡ ಬೀಸು. ದೂರ ಹೋಗೋದನ್ನ ಚೆಂಡೇ ನೋಡ್ಕೊಳ್ಳುತ್ತೆ."

"ನಂಗೆ ನಿಧಾನದ್ದೇ ಕೊಡಯ್ಯ."

"ಕೊಡಲ್ಲ."

ಒಂಬತ್ತನೆಯದು ಬ್ಯಾಟಿನ ಅಂಚಿಗೆ ತಗುಲಿ ಹಿಂದಕ್ಕೆ ಹಾರಿತು. ಡೆಲ್ಮರನ ಭುಜದೊಳಗೆ ಏನೋ ಕಿತ್ತು ಬಂದಂತಾಗಿ ಕಣ್ಣು ಕತ್ತಲಿಟ್ಟಿತು. ಅವನು ಒಂದು ನಿಮಿಷ ಬೆನ್ನು ತಿರುಗಿಸಿ ನಿಂತ. ಬೆವರು ಒರೆಸಿಕೊಳ್ಳುತ್ತಿದ್ದಾನೆಂದು ಜನ ಅಂದುಕೊಂಡರು. ಆಮೇಲೆ ಅವನು ಹಲ್ಲು ಕಚ್ಚಿ ಹತ್ತನೆಯದನ್ನು ಎಸೆದ. ನೇರ, ಸೊಂಟದ ಎತ್ತರ, ಅದೇ ಜಾಗಕ್ಕೆ.

ಸದ್ದು ಕೇಳಿದೊಡನೆ ಡೆಲ್ಮರನಿಗೆ ಗೊತ್ತಾಯಿತು. ತಿರುಗಿ ನೋಡುವ ಅಗತ್ಯವೇ ಇರಲಿಲ್ಲ, ಆದರೂ ತಿರುಗಿ ನೋಡಿದ. ಚೆಂಡು ಹೆಚ್ಚು ಎತ್ತರವೂ ಹೋಗಲಿಲ್ಲ. ಗೋಡೆಯ ನೆತ್ತಿಯಿಂದ ಮೊಳದಷ್ಟು ಮೇಲೆ ದಾಟಿ, ಆಚೆ ನಿಲ್ಲಿಸಿದ್ದ ಯಾರದೋ ಗಾಡಿಯ ತಗಡಿಗೆ ಬಡಿಯಿತು. ಮೈದಾನದಲ್ಲಿ ಎದ್ದ ಗದ್ದಲ ಪಂದ್ಯದ ದಿನಕ್ಕಿಂತ ಜೋರಾಗಿತ್ತು.

ವೆಂಡೆಲ್ ಕೆಟ್ಟ ಮಂಡಿಯನ್ನು ಎಳೆದುಕೊಂಡು, ಹೋಮ್ ರನ್ ಹೊಡೆದವನು ಸುತ್ತಬೇಕಾದ ನಾಲ್ಕೂ ಬೇಸುಗಳನ್ನು ಮುಟ್ಟಿ ಬಂದ. ಅಳುತ್ತಿದ್ದ, ನಗುತ್ತಲೂ ಇದ್ದ. ನೇರವಾಗಿ ಬಂದು ಡೆಲ್ಮರನನ್ನು ಅಪ್ಪಿಕೊಂಡ. ಡೆಲ್ಮರ್ ನೋವಿಗೆ ಹುಬ್ಬು ಗಂಟಿಕ್ಕಿದರೂ ಬಿಡಿಸಿಕೊಳ್ಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಸಂತೋಷ ಅವನಿಗೆ ಆಗಿರಲಿಲ್ಲ.

ಅಪ್ಪುಗೆ ಸಡಿಲಿಸಿದ ವೆಂಡೆಲನ ಮುಖ ಮೆಲ್ಲಗೆ ಬದಲಾಯಿತು. ಅವನು ಗೋಡೆಯ ಕಡೆ ನೋಡಿ, ಡೆಲ್ಮರನ ಕಡೆ ನೋಡಿ, "ಇಂಥ ಚೆಂಡು ನಿನ್ನ ಹತ್ರ ಮೊದ್ಲಿಂದಾನೂ ಇತ್ತಾ?" ಎಂದ.

"ಇತ್ತು."

"ಮತ್ಯಾಕೋ ಕೊಡ್ಲಿಲ್ಲ? ಮೂವತ್ತೆರಡನೇ ವಯಸ್ಸಿಗೇ ಬಂದು ನಿಂತಿದ್ನಲ್ಲೋ ನಿನ್ನೆದುರಿಗೆ. ಆಗ ಮಂಡಿನೂ ಚೆನ್ನಾಗಿತ್ತು."

"ನೀನು ನಿಧಾನಕ್ಕೆ ಅಂತ ಕೇಳ್ತಿದ್ದೆ."

"ನಂಗೇನು ಗೊತ್ತಿತ್ತು? ನಾನು ಮಾಂಸ ಕಡಿಯೋನು. ನಿಂಗೆ ಗೊತ್ತಿತ್ತಲ್ಲ."

ಡೆಲ್ಮರ್ ನೆಲ ನೋಡಿದ. ಸುಳ್ಳು ಹೇಳಲು ಬೇಕಾದ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ. "ನಿಮ್ಮ ಯಾರ ಕೈಲೂ ಆಗಲ್ಲ ಅಂದ್ಕೊಂಡಿದ್ದೆ ಕಣೋ. ನಕ್ಕೊಂಡು ಮನೆಗೆ ಹೋದ್ರೆ ಸಾಕು ಅಂತಿದ್ದೆ."

ವೆಂಡೆಲ್ ಡೆಲ್ಮರನ ಎಡಭುಜವನ್ನು ಒಮ್ಮೆ ತಟ್ಟಿ, ಕುಂಟುತ್ತಾ ಜನರ ಕಡೆ ಹೋದ.

ಮುಂದಿನ ಸರದಿ ಲೊರೇನಳದು. ಹದಿನಾರು ವರ್ಷದಿಂದ ಬರುತ್ತಿದ್ದವಳು. ನಿಂತು, ಕಾಲು ಊರಿ, ಬ್ಯಾಟು ಎತ್ತಿದಳು. ಅವಳ ಮುಖದಲ್ಲಿ ಇಷ್ಟು ಹೊತ್ತಿನ ತಮಾಷೆ ಇರಲಿಲ್ಲ.

"ನಿಧಾನಕ್ಕೆ ಬೇಡ ಡೆಲ್ಮರ್. ಅವನಿಗೆ ಹಾಕಿದ್ಯಲ್ಲ, ನಂಗೂ ಅದೇ ಹಾಕು."

"ನಮ್ಗೂ ಅದೇ" ಎಂದು ಹಿಂದಿನಿಂದ ಯಾರೋ ಕೂಗಿದರು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.

ಡೆಲ್ಮರ್ ಬುಟ್ಟಿಯಿಂದ ಚೆಂಡು ತೆಗೆದುಕೊಂಡ. ಕೈ ಎದೆಯವರೆಗೆ ಬಂದು ನಿಂತಿತು. ಎಡಗೈಯಿಂದ ಮೊಣಕೈಯನ್ನು ಹಿಡಿದು ಮೇಲೆತ್ತಲು ನೋಡಿದ. ಚೆಂಡು ಬೆರಳ ಸಂದಿನಿಂದ ಜಾರಿ ಕಾಲ ಬಳಿ ಬಿತ್ತು. ಬಗ್ಗಿ ಎತ್ತಿಕೊಂಡು ಇನ್ನೊಮ್ಮೆ ನೋಡಿದ. ಕೈ ಏಳಲಿಲ್ಲ. ಲೊರೇನ್ ಬ್ಯಾಟು ಇಳಿಸದೆ ಅವನನ್ನೇ ನೋಡುತ್ತಿದ್ದಳು. ಅವಳ ಹಿಂದೆ ಬೇಕರಿಯವನು, ಶಾಲೆಯ ಅಡುಗೆಯವಳು, ಕಲ್ಲುಗಣಿಯ ಅಣ್ಣತಮ್ಮಂದಿರು, ಒಟ್ಟು ಇಪ್ಪತ್ತಾರು ಜನ ಬ್ಯಾಟು ಹಿಡಿದು ನಿಂತಿದ್ದರು. ಅವರಲ್ಲಿ ಯಾರ ಕೈಲಿ ಆಗುತ್ತಿತ್ತೆಂದು ಡೆಲ್ಮರನಿಗೆ ಇನ್ನು ಯಾವತ್ತೂ ಗೊತ್ತಾಗುವಂತಿರಲಿಲ್ಲ.