ಕುರಿ ತುಳಿದ ಕಾಲುವೆ

ಮೂಡಲು ಇನ್ನೂ ಸರಿಯಾಗಿ ಕೆಂಪಾಗಿಲ್ಲ. ಐಮಂಗಲದಿಂದ ಹರದಾರಿ ದೂರದ ಶಿವಕುಮಾರಪ್ಪನವರ ತೆಂಗಿನ ತೋಟದಲ್ಲಿ, ನೀರು ಹರಿಯಬೇಕಾದ ಕಾಲುವೆಯಲ್ಲಿ ಕುರಿಗಳು ಹರಿಯುತ್ತಿವೆ. ನಲವತ್ತು ಕುರಿ, ಒಂದರ ಬಾಲಕ್ಕೆ ಇನ್ನೊಂದರ ಮೂತಿ. ಅವುಗಳ ಹಿಂದೆ ಸೀರೆ ಎತ್ತಿ ಕಟ್ಟಿಕೊಂಡು, ಕೆಸರಿನಲ್ಲಿ ಕಾಲು ಕೀಳುತ್ತ ಈರಕ್ಕ ನಡೆಯುತ್ತಿದ್ದಾಳೆ. ದಾರಿಹೋಕರು ನಿಂತು ನಗುತ್ತಾರೆ. ಇಪ್ಪತ್ತೆರಡು ಬೇಸಗೆಯಿಂದ ನಗುತ್ತಲೇ ಇದ್ದಾರೆ, ಅವಳೂ ತುಳಿಸುತ್ತಲೇ ಇದ್ದಾಳೆ.

ಕೆಲಸ ನೋಡುವುದಕ್ಕೆ ಸುಲಭ. ಕೆರೆಯ ಅಂಟುಗೋಡನ್ನು, ಆ ಜಿಗುಟು ಹೂಳುಮಣ್ಣನ್ನು, ಹೊತ್ತು ತಂದು ಕಾಲುವೆಯ ತಳಕ್ಕೆ ಹರಡಿ, ನೀರು ಚಿಮುಕಿಸಿ, ಮೂರು ಬೆಳಗು ಕುರಿ ತುಳಿಸಬೇಕು. ಆಮೇಲೆ ಮುಂದಿನ ಬೇಸಗೆಯವರೆಗೆ ಆ ಮಣ್ಣು ನೀರು ಕುಡಿಯುವುದಿಲ್ಲ. "ಮನುಷ್ಯನ ಕಾಲು ದೊಡ್ಡದು, ಬರೀ ಜಾರ್ತೈತೆ. ಕುರಿ ಗೊರಸು ಚೂಪು ನೋಡ್ರಿ, ಒಳಗೆ ಇಳಿದು ಮಣ್ಣನ್ನ ಮಣ್ಣಿಗೆ ಹೊಲೀತೈತೆ" ಎನ್ನುತ್ತಾಳೆ ಈರಕ್ಕ.

ಇವತ್ತು ಮೂರನೆಯ ಬೆಳಗು. ಅವಳ ಮುಖದಲ್ಲಿ ಎಂದಿನ ನಗೆಯಿಲ್ಲ. ಜೋಗಿಮಟ್ಟಿ ಬೆಟ್ಟದ ಕಡೆಯ ಮೋಡ ಈ ವರ್ಷ ಕೈಕೊಟ್ಟಿದೆ. ಬಾವಿ ದಿನಕ್ಕೆ ನೂರಿಪ್ಪತ್ತು ತೊಗಲಿನ ಬಾನಿಗಿಂತ ಹೆಚ್ಚು ನೀರು ಕೊಡುತ್ತಿಲ್ಲ. ಹಿರಿಯೂರಿನಾಚೆ ಕಣಿವೆಗೆ ಕಟ್ಟೆ ಕಟ್ಟಿ ಮಹಾರಾಜರ ಸರ್ಕಾರ ನೀರು ನಿಲ್ಲಿಸಿದೆ, ನಿಜ. ಆ ಕಟ್ಟೆಯ ಕಾಲುವೆ ಈ ದಿಬ್ಬ ಹತ್ತುವುದಿಲ್ಲ. ಇವತ್ತಿನ ನೂರಿಪ್ಪತ್ತರೊಳಗೆ ಕೊನೆಯ ಸಾಲಿನ ಹನ್ನೆರಡು ತೆಂಗಿಗೆ ನೀರು ಮುಟ್ಟದಿದ್ದರೆ ಆ ಸಾಲನ್ನು ಕೈಬಿಡುವುದೆಂದು ಶಿವಕುಮಾರಪ್ಪ ಹೇಳಿಬಿಟ್ಟಿದ್ದಾರೆ. ಆ ಹನ್ನೆರಡನ್ನೂ ನೆಟ್ಟವನು ಈರಕ್ಕನ ಗಂಡ ಗುಡ್ಡಪ್ಪ. ಅವನು ತೀರಿಹೋಗಿ ಆರು ವರ್ಷವಾಯಿತು.

ಗುಡ್ಡಪ್ಪ ಈ ತೋಟದಲ್ಲಿ ಕಪಿಲೆ ಹೊಡೆಯುತ್ತಿದ್ದ. ಎತ್ತು ಇಳಿಜಾರಿನಲ್ಲಿ ಇಳಿದರೆ ತೊಗಲಿನ ಬಾನಿ ಮೇಲೆ ಬರಬೇಕು, ಎತ್ತು ಹಿಂದೆ ಸರಿದರೆ ಬಾನಿ ಬಾವಿಗಿಳಿಯಬೇಕು. ಹತ್ತು ಬಾನಿಗೆ ಒಂದು ಕಲ್ಲಿಟ್ಟು ಲೆಕ್ಕ ಹಿಡಿಯುವುದು ಇಲ್ಲಿನ ಪದ್ಧತಿ. ಗುಡ್ಡಪ್ಪನಿಗೋ ಪದದ ಹುಚ್ಚು. ದನಿ ಏರಿದರೆ ಕಲ್ಲಿಡುವುದು ಮರೆತೇಹೋಗುತ್ತಿತ್ತು. "ಅವ್ನು ಹಾಡ್ತಿದ್ರೆ ಎತ್ತಿಗೂ ದಣಿವು ಗೊತ್ತಾಗ್ತಿರ್ಲಿಲ್ಲ. ನಾನು ಆ ತುದಿಯಾಗೆ ನೀರಿಗೆ ಕಾಯ್ತಾ ಕುಂತಿರ್ತಿದ್ದೆ. ಪದ ಬರೋದು, ನೀರು ಬರ್ತಿರ್ಲಿಲ್ಲ" ಎಂದು ಅವಳು ನಗುತ್ತಾಳೆ. ನಕ್ಕು ಕಣ್ಣೊರೆಸಿಕೊಳ್ಳುತ್ತಾಳೆ.

ನೂರು ಮಾರು ಉದ್ದದ ಕಾಲುವೆಯೇ ಮೂರರಲ್ಲೊಂದು ಬಾನಿ ಕುಡಿದುಬಿಡುತ್ತಿತ್ತು. ಹನಿಗೂಡಿದರೆ ಹಳ್ಳ ಎಂಬ ಗಾದೆ ಊರಿಗೆಲ್ಲ ಬಾಯಿಪಾಠ, ಸೋರುವ ಹನಿ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕುರುಬರ ಮನೆಯ ಮಗಳಾದ ಈರಕ್ಕನ ಕಣ್ಣಿಗೆ ಬಿತ್ತು. ಅವಳ ಕುರಿಗಳು ದಿನವೂ ನೀರು ಕುಡಿಯಲು ಕಾಲುವೆ ದಾಟುವ ಜಾಗದಲ್ಲಿ, ಹಾಯಿಸಿದ ನೀರು ಸಂಜೆಯವರೆಗೂ ಇಂಗದೆ ನಿಂತಿರುತ್ತಿತ್ತು. ದಾಟುವ ಕಡೆ ಹೀಗಾದರೆ ಉದ್ದಕ್ಕೂ ಯಾಕಾಗಬಾರದು ಎಂದುಕೊಂಡವಳು, ಒಂದು ಬೆಳಗ್ಗೆ ಯಾರನ್ನೂ ಕೇಳದೆ ಇಡೀ ಹಿಂಡನ್ನೇ ಇಳಿಸಿದಳು.

ಮುಂದಿನದನ್ನು ಶಿವಕುಮಾರಪ್ಪನವರ ಬಾಯಲ್ಲೇ ಕೇಳಬೇಕು. "ಕಾಲ್ವೆಗೆ ಕುರಿ ಬಿಟ್ಟಾಳೆ ಅಂತ ಕೇಳಿ ಉಂಬೋ ಗಂಗಾಳ ಬಿಟ್ಟು ಎದ್ದು ಓಡಿಬಂದೆ. ಕುರೀನೆಲ್ಲ ದೊಡ್ಡಿಗೆ ಹಾಕಿಸ್ದೆ. ಗುಡ್ಡಪ್ಪಗೂ ನಾಳೆಯಿಂದ ಬರಬ್ಯಾಡ ಅಂದೆ. ಹೊತ್ತೇರೋದ್ರೊಳಗೆ ನೋಡಿದ್ರೆ ನೀರು ನನಗಿಂತ ಮೊದ್ಲೇ ತುದಿಗೆ ಹೋಗಿ ಕುಂತೈತೆ! ಸಂಜಿಕೆ ನಾನೇ ಹೋಗಿ ಕುರಿ ಬಿಡಿಸ್ಕಂಬಂದೆ, ಗುಡ್ಡಪ್ಪಗೂ ನಾಳೆ ಬಾ ಅಂದೆ. ಅಷ್ಟು ನಾಚಿಕೆ ನನಗೆ ಜನ್ಮದಾಗೆ ಆಗಿರ್ಲಿಲ್ಲ."

ಅಂದಿನಿಂದ ತೋಟದ ಬಾಳೇ ಬದಲಾಯಿತು. ನೂರರವತ್ತು ಬಾನಿ ಬೇಡುತ್ತಿದ್ದ ತೋಟ ನೂರಹತ್ತಕ್ಕೆ ತಣಿಯಿತು. ಎರಡು ಜೋಡಿ ಎತ್ತಿನ ಜಾಗದಲ್ಲಿ ಒಂದು ಜೋಡಿ ಸಾಕಾಯಿತು, ಇನ್ನೊಂದು ಜೋಡಿ ಹೊಲದ ಉಳುಮೆಗೆ ಹೋಯಿತು. ವರ್ಷಕ್ಕೇ ಸವೆದು ಹರಿದುಹೋಗುತ್ತಿದ್ದ ತೊಗಲಿನ ಬಾನಿ ಎರಡು ವರ್ಷ ಬಾಳಿಕೆ ಬಂತು. ಮಳೆ ಚೆನ್ನಾದ ವರ್ಷಗಳಲ್ಲಿ ಉಳಿದ ನೀರಿಗೆ ಎಂಟು ಮಡಿ ಈರುಳ್ಳಿ ಬೆಳೆದು, ಅದರಲ್ಲಿ ಅರ್ಧ ಈರಕ್ಕನದಾಯಿತು. ಮಗಳ ಮದುವೆಯ ಊಟ ಆ ಈರುಳ್ಳಿಯಲ್ಲೇ ನಡೆಯಿತು ಎಂದು ಅವಳು ಇವತ್ತಿಗೂ ಹೇಳಿಕೊಳ್ಳುತ್ತಾಳೆ.

ಕುರಿ ಮೇಲೆ ಹತ್ತಿದವು. ಮಗ ಚಿತ್ರಲಿಂಗಪ್ಪ ಎತ್ತು ಹೂಡುತ್ತಾನೆ. ಅವನಿಗೆ ಪದ ಬರುವುದಿಲ್ಲ, ಕಲ್ಲಿಡುವುದನ್ನು ಮಾತ್ರ ಮರೆಯುವುದಿಲ್ಲ. ಈರಕ್ಕ ನೀರಿನ ತಲೆಯ ಜೊತೆಗೇ ಹೆಜ್ಜೆ ಹಾಕುತ್ತ, ಒಂದೊಂದು ಪಾತಿಗೂ ಅಳತೆಯಷ್ಟೇ ಬಿಟ್ಟು ಸಲಿಕೆಯಿಂದ ಬಾಯಿ ಕಟ್ಟುತ್ತಾಳೆ. ಒಂಬತ್ತು ಕಲ್ಲಾದಾಗ ಶಿವಕುಮಾರಪ್ಪ ಕೋಲೂರಿಕೊಂಡು ಕೊನೆಯ ಸಾಲಿನ ಹತ್ತಿರ ಬಂದು ನಿಲ್ಲುತ್ತಾರೆ. ಹತ್ತನೆಯ ಕಲ್ಲಿಗೆ ನೀರು ಆ ಸಾಲಿನ ಮೊದಲ ಗಿಡ ಮುಟ್ಟುತ್ತದೆ. ಹನ್ನೊಂದನೆಯ ಕಲ್ಲು ಬಿದ್ದಾಗ ಹನ್ನೆರಡನೆಯ ತೆಂಗಿನ ಪಾತಿ ತುಂಬಿದೆ.

ಈರಕ್ಕ ಸಲಿಕೆ ನೆಲಕ್ಕೂರಿ ಅದರ ಮೇಲೆ ಕೈಯಿಟ್ಟು ನಿಂತುಬಿಡುತ್ತಾಳೆ. ಮುದುಕರ ದನಿ ಮೆತ್ತಗಾಗಿದೆ. "ಗೆದ್ದೆ ಬಿಡವ್ವ. ಇನ್ನೂ ಹತ್ತು ಬಾನಿ ಐತೆ. ಅದನ್ನೂ ಈ ಸಾಲಿಗೇ ಬಿಟ್ಕ. ನಿನ್ನ ಗಂಡ ನೆಟ್ಟ ಗಿಡ, ಹೊಟ್ಟೆ ತುಂಬ ಕುಡೀಲಿ."

ಈರಕ್ಕ ಮರಗಳ ತುದಿಯವರೆಗೂ ಒಮ್ಮೆ ಕಣ್ಣು ಹಾಯಿಸುತ್ತಾಳೆ. ಆಮೇಲೆ ಎತ್ತು ಬಿಚ್ಚುವಂತೆ ಮಗನಿಗೆ ಕೈಮಾಡುತ್ತಾಳೆ.

"ಬ್ಯಾಡ್ರಿ ಯಜಮಾನ್ರೇ. ನನ್ನ ಗಂಡನ ಗಿಡ ಅಂತ ಹೆಚ್ಚಿಗೆ ಕುಡಿಸಿದ್ರೆ ಅವ್ನೇ ಬೈತಾನೆ. ಆ ಹತ್ತು ಬಾವ್ಯಾಗೇ ಇರ್ಲಿ. ನಾಳೀಕೂ ಬಾಯಾರಿಕೆ ಆಗ್ತೈತೆ."