ಕೊನೆಯವಳು ಬಂದ ಮೇಲೆ

ಚೆನ್ನೈ ಸಪಾಟು ಊರು. ಇಲ್ಲಿ ಹುಟ್ಟಿ ಬೆಳೆದವರಿಗೆ ಏರು ಅಂದರೆ ಫ್ಲೈಓವರ್. ಅಂಥ ಊರಿನಲ್ಲಿ, ಬ್ಯಾಂಕಿನಿಂದ ನಿವೃತ್ತಳಾದ ನನ್ನ ಅಕ್ಕನಿಗೆ ಗುಡ್ಡ ಹತ್ತುವ ಗೇರ್ ಸೈಕಲ್ಲಿನ ಹುಚ್ಚು ಹಿಡಿಯಿತು. ಹಿಡಿಸಿದವನು ನಾನೇ. ವಾರವೆಲ್ಲ ಅಂಬತ್ತೂರಿನ ಕಾರ್ಖಾನೆಯಲ್ಲಿ ಎಣ್ಣೆ, ಕಬ್ಬಿಣದ ವಾಸನೆ ಕುಡಿದವನು ಭಾನುವಾರ ಬೆಳಗ್ಗೆ ಒಂದು ಗುಂಪಿನ ಜೊತೆ ಕಾಡಿಗೆ ಸೈಕಲ್ ಒಯ್ಯುತ್ತಿದ್ದೆ. ಕಾಡೆಂದರೆ ವಂಡಲೂರು ದಾಟಿದ ಮೇಲೆ ಸಿಗುವ ಕುರುಚಲು ಕಾಡು. ಜಾಲಿ ಮುಳ್ಳು, ಕೆಂಪು ಮಣ್ಣು, ಜಾರುವ ಜಲ್ಲಿ, ಒಂದು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಒಂದು ಬೋಳು ಬಂಡೆ. ಆ ಬಂಡೆಯ ಮೇಲೆ ನಿಂತರೆ ಊರೆಲ್ಲ ಕಾಣುತ್ತದೆ ಅಂತ ವಡಪಳನಿಯ ಅಕ್ಕನ ಮನೆಯಲ್ಲಿ ಒಂದು ದಿನ ಬಾಯಿ ತುಂಬ ಕೊಚ್ಚಿಕೊಂಡೆ.

ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ತಮ್ಮಾ, ಹುಟ್ಟಿದಾಗಿಂದ ಈ ಊರಾಗ ಇದ್ದೀನಿ. ಒಮ್ಮೆನೂ ಮ್ಯಾಲಿಂದ ನೋಡಿಲ್ಲ ನೋಡು.”

“ಎಷ್ಟು ಸಲ ವಿಮಾನ ಹತ್ತಿಲ್ಲ ನೀ?”

“ಕಿಡಕಿ ಸೀಟು ಯಾವಾಗ್ಲೂ ಹುಡುಗ್ರಿಗೆ ಅಲ್ಲ? ನನಗ ನಡುವಿಂದು.” ಅದನ್ನು ದೂರಿನಂತೇನೂ ಹೇಳಲಿಲ್ಲ. “ನನ್ನೂ ಆ ಬಂಡೆಗೆ ಕರ್ಕೊಂಡು ಹೋಗು. ಒಮ್ಮೆ ನೋಡಿದ್ರ ಸಾಕು.”

ಹೀಗೆ ಅಕ್ಕ ನಮ್ಮ ಗುಂಪಿಗೆ ಸೇರಿದಳು. ಚೂಡಿದಾರದ ಮೇಲೆ ಹೆಲ್ಮೆಟ್, ಕಾಲಿಗೆ ವಾಕಿಂಗ್ ಷೂ. ಗುಂಪಿನಲ್ಲಿ ಎಲ್ಲ ಥರದವರಿದ್ದರು. ಕಲ್ಲು ಕಂಡರೆ ಹಾರಿಸುವವರು, ಕಲ್ಲು ಕಂಡರೆ ಇಳಿದು ತಳ್ಳುವವರು, ನನ್ನಂಥ ನಡುವಿನವರು. ಮುಂದಾಳು ಪೆರುಂಗುಡಿಯ ಆಫೀಸೊಂದರಲ್ಲಿ ಕೆಲಸ ಮಾಡುವ ಹುಡುಗಿ. ಅವಳದು ಒಂದೇ ನಿಯಮ: ದಾರಿ ಕವಲೊಡೆಯುವಲ್ಲೆಲ್ಲ ಮುಂದಿನವರು ನಿಲ್ಲಬೇಕು, ಕಟ್ಟಕಡೆಯವರು ಬಂದು ಸೇರಿದ ಮೇಲೆಯೇ ಹೊರಡಬೇಕು. ಯಾರನ್ನೂ ಹಿಂದೆ ಬಿಟ್ಟು ಹೋಗುವುದಿಲ್ಲ ಅಂತ ನಮಗೆ ಒಳಗೊಳಗೇ ಹೆಮ್ಮೆಯಿತ್ತು.

ಕಟ್ಟಕಡೆಗೆ ಬರುತ್ತಿದ್ದವಳು ಅಕ್ಕ. ನಾವು ಮೊದಲ ಕವಲಿನಲ್ಲಿ ಸೈಕಲ್ ಮಲಗಿಸಿ, ನೀರು ಕುಡಿದು, ಬಾಳೆಹಣ್ಣು ತಿಂದು, ಸಿಪ್ಪೆಯನ್ನು ಚೀಲಕ್ಕೆ ತುರುಕಿ, ಒಬ್ಬರನ್ನೊಬ್ಬರು ಗೇಲಿ ಮಾಡಿ ಮುಗಿಸುವ ಹೊತ್ತಿಗೆ ಪೊದೆಯಾಚೆ ಅವಳ ಹೆಲ್ಮೆಟ್ ಕಾಣುತ್ತಿತ್ತು. “ಆಂಟಿ ವಂದಾಚ್ಚು!” ಎಂದು, ಆಂಟಿ ಬಂದರು ಅಂತ, ಯಾರೋ ತಮಿಳಿನಲ್ಲಿ ಕೂಗುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಎಲ್ಲರೂ ಬಂದಾಯಿತಲ್ಲ, ಹಾಗಾಗಿ ಎಲ್ಲರೂ ಹೊರಡುತ್ತಿದ್ದರು. ಅಕ್ಕ ಒಂದು ಕಾಲು ನೆಲಕ್ಕೂರಿ, ಏದುಸಿರಿನ ನಡುವೆ ನಗುತ್ತ, “ಪರವಾಯಿಲ್ಲಮ್ಮಾ, ಪೋಂಗ ಪೋಂಗ” ಅಂತ ಅವರನ್ನು ಮುಂದೆ ಕಳಿಸುತ್ತಿದ್ದಳು. ಬಾಟಲಿಯ ಮುಚ್ಚಳವನ್ನೂ ತೆಗೆಯದೆ ನಮ್ಮ ಹಿಂದೆ ಪೆಡಲ್ ತುಳಿಯುತ್ತಿದ್ದಳು.

ಎರಡನೆಯ ಕವಲಿನಲ್ಲೂ ಅದೇ ಕಥೆ. ಅಲ್ಲಿಂದ ಮುಂದೆ ಗುಡ್ಡದ ಏರು. ಅಲ್ಲಿಗೆ ಬರುವಾಗ ಅವಳ ಮುಖ ಕೆಂಪಾಗಿರುತ್ತಿತ್ತು. “ನನಗ ಇವತ್ತಿಗೆ ಇಷ್ಟ ಸಾಕು. ನೀವು ನೋಡ್ಕೊಂಡು ಬರ್ರಿ,” ಅಂತ ಜಾಲಿ ಮರದ ಕೆಳಗೆ ಕೂತುಬಿಡುತ್ತಿದ್ದಳು. ನಾವು ಬಂಡೆಯ ಮೇಲೆ ಹೋಗಿ ಫೋಟೊ ಹೊಡೆಸಿಕೊಂಡು, ಇಳಿಜಾರಿನಲ್ಲಿ ಕಿರುಚಿಕೊಂಡು ಬರುತ್ತಿದ್ದೆವು. ಅಷ್ಟು ಹೊತ್ತಿಗೆ ಅವಳು ಲಕಲಕ ಅನ್ನುತ್ತ ಎದ್ದು ನಿಂತಿರುತ್ತಿದ್ದಳು. ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ಹೀಗೇ ನಡೆಯಿತು. ಅಕ್ಕನ ತಾಕತ್ತು ಎರಡನೆಯ ಕವಲಿಗೆ ಮುಗಿಯುತ್ತದೆ, ವಯಸ್ಸಾಯಿತಲ್ಲ ಅಂತ ನಾನೂ ತಿಳಿದಿದ್ದೆ. ಯಂತ್ರ ಎಲ್ಲಿ ಬಿಸಿಯಾಗುತ್ತದೆ, ಯಾಕೆ ಬಿಸಿಯಾಗುತ್ತದೆ ಅಂತ ಕಾರ್ಖಾನೆಯಲ್ಲಿ ದಿನಾ ನೋಡುವ ಮನುಷ್ಯ ನಾನು, ಅಕ್ಕನ ವಿಷಯದಲ್ಲಿ ಮಾತ್ರ ನೋಡಲಿಲ್ಲ.

ಆಮೇಲೊಂದು ಭಾನುವಾರ ಮುಂದಾಳು ಹುಡುಗಿಯ ಟಯರಿಗೆ ಎರಡನೆಯ ಕವಲಿನಲ್ಲೇ ಮುಳ್ಳು ಚುಚ್ಚಿತು. ಚೀಲದಿಂದ ಇನ್ನೊಂದು ಟ್ಯೂಬ್ ತೆಗೆದರೆ ಅದೂ ತೂತು. ತೇಪೆ ಹಾಕಬೇಕು, ಅಂಟು ಒಣಗಬೇಕು, ಗಾಳಿ ತುಂಬಬೇಕು. ಅಕ್ಕ ಎಂದಿನಂತೆ ಕಡೆಗೆ ಬಂದಳು, ಹೊರಡಲು ಯಾರೂ ಎದ್ದು ನಿಂತಿರಲಿಲ್ಲ. ಅವಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ ಅಂತ ಕಾಣುತ್ತದೆ, ಸೈಕಲ್ ಹಿಡಿದುಕೊಂಡೇ ತುಸು ಹೊತ್ತು ನಿಂತಳು. ಆಮೇಲೆ ಕಲ್ಲಿನ ಮೇಲೆ ಕೂತಳು. ಹೆಲ್ಮೆಟ್ ತೆಗೆದಳು. ನೀರು ಕುಡಿದಳು, ಚೀಲದಲ್ಲಿದ್ದ ಶೇಂಗಾ ಚಿಕ್ಕಿ ಮುರಿದು ನಮಗೆಲ್ಲ ಹಂಚಿ ತಾನೂ ತಿಂದಳು. ಅವಳು ಕಾಡಿನಲ್ಲಿ ನಮ್ಮ ಜೊತೆ ಕೂತು ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಟಯರು ಸರಿಯಾಗಿ ಎಲ್ಲರೂ ಎದ್ದಾಗ ಅಕ್ಕನೂ ಎದ್ದಳು. “ನಾನೂ ಬರ್ತೀನಿ,” ಅಂದಳು.

ಬಂದಳು. ಸಣ್ಣ ಗೇರಿಗೆ ಇಳಿಸಿ, ಮೈ ಮುಂದಕ್ಕೆ ಬಾಗಿಸಿ, ಜಲ್ಲಿಯಲ್ಲಿ ಹಿಂದಿನ ಚಕ್ರ ಜಾರದಂತೆ ಒಂದೇ ಹದದಲ್ಲಿ ತುಳಿಯುತ್ತ ನನ್ನನ್ನೇ ದಾಟಿ ಹೋದಳು. ಹಿಂದಿನಿಂದ ನೋಡುತ್ತ ಬಂದ ನನಗೆ ಆ ಏರಿನಲ್ಲೇ ಎಲ್ಲ ಹೊಳೆಯಿತು. ಕಾಯುತ್ತ ಕೂತವರಿಗೆ ಕವಲು ಕವಲಿಗೂ ಸುಧಾರಿಸಿಕೊಳ್ಳಲು ಹೊತ್ತು ಸಿಗುತ್ತಿತ್ತು, ಕೊನೆಗೆ ಬಂದವಳಿಗೆ ಒಂದು ಸಲವೂ ಸಿಕ್ಕಿರಲಿಲ್ಲ. ಎಲ್ಲರಿಗಿಂತ ಹೆಚ್ಚು ದಣಿದವಳು ದಣಿವಾರಿಸಿಕೊಳ್ಳದೆ ವಾರ ವಾರ ಅಲ್ಲಿಯವರೆಗೆ ಬಂದಿದ್ದಳು. ನನಗೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು. ನಮ್ಮ ಮೇಲೆ ಬಂತು, ಅವಳ ಮೇಲೂ ಬಂತು. ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತೆ?

ಹೇಳುವವಳಲ್ಲ ಅಂತ ನನಗೆ ಗೊತ್ತಿರಬೇಕಿತ್ತು. ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಕ್ಕೆಂದು ಅಪ್ಪ ಈ ಊರಿಗೆ ಬಂದಾಗ ಹಾವೇರಿ ಕಡೆಯ ರೊಟ್ಟಿಯ ಜೊತೆ ಒಂದು ಪದ್ಧತಿಯನ್ನೂ ತಂದಿದ್ದ. ಪಂಕ್ತಿಯಲ್ಲಿ ಕೊನೆಯವರ ಊಟ ಮುಗಿಯುವವರೆಗೆ ಯಾರೂ ಏಳುವ ಹಾಗಿಲ್ಲ. ಬಿಸಿ ರೊಟ್ಟಿ ಬಡಿಸಿ ಅಕ್ಕ ಬಂದು ಕೂರುವಾಗ ನಮ್ಮದು ಅರ್ಧ ಮುಗಿದಿರುತ್ತಿತ್ತು. ಆದರೂ ಅವಳು ನಮ್ಮ ಜೊತೆಗೇ ಮುಗಿಸಿಬಿಡುತ್ತಿದ್ದಳು. ಎರಡೇ ತುತ್ತಿಗೆ ರೊಟ್ಟಿ ಕಾಣೆ. ನಿಧಾನ ತಿನ್ನು ಅಂತ ಅವ್ವ ಬೈದರೆ, “ಎಲ್ಲಾರ ಕೈ ಒಣಗತಾವ,” ಅನ್ನುತ್ತಿದ್ದಳು. ಅವಳಿಗಾಗಿ ಮಾಡಿದ್ದೇನೋ ಅನ್ನುವಂಥ ಪದ್ಧತಿಯಲ್ಲೂ ಅವಳು ಅರೆಹೊಟ್ಟೆಯಲ್ಲಿ ಏಳುತ್ತಿದ್ದಳು.

ಅವತ್ತು ನಾವು ಮೂರನೆಯ ಕವಲು ತಲುಪಿದೆವು. ಅಲ್ಲಿಂದ ಬಂಡೆ ಕಾಣುತ್ತದೆ. ಬಂಡೆಯ ಮೇಲಿಂದ ಕಾಣುವುದು ಮಾತ್ರ ಕಾಣುವುದಿಲ್ಲ. ತೇಪೆ ಹಾಕಿದ ಟಯರು ಮತ್ತೆ ಗಾಳಿ ಬಿಡತೊಡಗಿತು. ಬಿಸಿಲು ಏರಿತ್ತು, ನೀರೂ ಖಾಲಿಯಾಗಿತ್ತು. ವಾಪಸಾಗೋಣ ಅಂದಳು ಹುಡುಗಿ. ನಾವಿಬ್ಬರೇ ಹೋಗಿ ಬರುತ್ತೇವೆ ಅನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ, “ಬ್ಯಾಡ ತಮ್ಮಾ, ನಮ್ಮ ಸಲುವಾಗಿ ಎಲ್ಲಾರೂ ಬಿಸಿಲಾಗ ನಿಲ್ಲಬೇಕಾಗತದ. ಬಂಡೆ ಎಲ್ಲಿಗೆ ಓಡಿ ಹೋಗತದ? ಬರೂ ಐತವಾರ ನೋಡೋಣಂತ,” ಅಂದಳು. ಸೈಕಲ್ ತಿರುಗಿಸಿಯೂಬಿಟ್ಟಳು.

ಮುಂದಿನ ಭಾನುವಾರ ಮಳೆ. ಅದರ ಮುಂದಿನದೂ ಮಳೆ. ನಮ್ಮ ಊರಿನ ಮಳೆ ಬಂದರೆ ಗೊತ್ತಲ್ಲ, ರಸ್ತೆಗೂ ಕೆರೆಗೂ ವ್ಯತ್ಯಾಸ ಇರುವುದಿಲ್ಲ. ನೀರಿಳಿದ ಮೇಲೆ ಹೋದರೆ ಕಾಡಿನ ಬಾಯಿಗೆ ತಂತಿ ಬೇಲಿ, ಕಬ್ಬಿಣದ ಗೇಟು, ಒಳಗೆ ಪ್ರವೇಶವಿಲ್ಲ ಅನ್ನುವ ಬೋರ್ಡು. ಕಾಡಿಗೆ ಅದು ಒಳ್ಳೆಯದೇ ಇರಬಹುದು, ನನಗೆ ಮಾತ್ರ ಹೊಟ್ಟೆ ಉರಿಯಿತು. ಬೇರೆ ಗುಡ್ಡ ಹುಡುಕುವ ಹೊತ್ತಿಗೆ ಅಕ್ಕನ ಮೊಣಕಾಲು ಕೈಕೊಟ್ಟಿತು. ಡಾಕ್ಟರು ಏರು ಹತ್ತಬೇಡಿ ಅಂದರು. ಅವಳ ಸೈಕಲ್ ಈಗ ಬಾಲ್ಕನಿಯಲ್ಲಿ ಒದ್ದೆ ಟವೆಲ್ ಹೊತ್ತುಕೊಂಡು ನಿಂತಿದೆ.

ಗುಂಪಿನ ನಿಯಮ ಬದಲಾಗಿದೆ. ಕೊನೆಯವರು ಬಂದು, ಕೂತು, ನೀರು ಕುಡಿದು, ತಾವಾಗಿಯೇ ಎದ್ದ ಮೇಲೆ ಹೊರಡುತ್ತೇವೆ. ಹೊಸಬರು ಬೇಗ ಬೇಗ ಕಲಿಯುತ್ತಾರೆ. ಅದನ್ನು ನೋಡಿದಾಗೆಲ್ಲ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚು.

ಮೊನ್ನೆ ವಡಪಳನಿಗೆ ಊಟಕ್ಕೆ ಹೋಗಿದ್ದೆ. ಮಕ್ಕಳೆಲ್ಲ ಉಂಡೆದ್ದ ಮೇಲೆ ಬೇಕಂತಲೇ ಅಕ್ಕನ ಜೊತೆ ಕೂತೆ, ಬೇಕಂತಲೇ ನಿಧಾನ ತಿಂದೆ. ಅವಳದು ಎಂದಿನಂತೆ ಎರಡು ತುತ್ತಿನ ಊಟ. ಮುಗಿಸಿ ತಲೆಯೆತ್ತಿದಾಗ ನನ್ನ ತಟ್ಟೆಯಲ್ಲಿ ಇನ್ನೂ ಒಂದೂವರೆ ರೊಟ್ಟಿ. ಏಳುವ ಹಾಗಿಲ್ಲ. ಎಂಜಲು ಕೈ ಮಡಿಲ ಮೇಲೆ ಹಿಡಿದುಕೊಂಡು ಕೂತಳು. ಕೂತವಳು ಕೇಳಿದಳು:

“ತಮ್ಮಾ, ಆ ಬಂಡೆ ಮ್ಯಾಲಿಂದ ಏನೇನು ಕಾಣತಿತ್ತು?”

ಕೆರೆ ಕಾಣುತ್ತಿತ್ತು. ಎದ್ದು ಹೋಗುವ ವಿಮಾನಗಳು ಕಾಣುತ್ತಿದ್ದವು. ಗಾಳಿ ತಿಳಿಯಾಗಿದ್ದ ದಿನ, ಕಟ್ಟಡಗಳು ಮುಗಿಯುವಲ್ಲಿ, ಸಮುದ್ರದ ಸಣ್ಣದೊಂದು ಗೆರೆಯೂ ಕಾಣುತ್ತಿತ್ತು.

“ಏನಿಲ್ಲಕ್ಕಾ,” ಅಂದೆ. “ಬರೇ ಬಿಲ್ಡಿಂಗು, ಧೂಳು.”

“ಸುಳ್ಳ ಹೇಳಬ್ಯಾಡ. ಅಷ್ಟ ಇದ್ರ, ನಾ ಬಂದ ಕೂಡಲೇ ಎದ್ದು ಯಾಕ ಓಡತಿದ್ರಿ?”

ಅವಳು ನಗುತ್ತಲೇ ಕೇಳಿದ್ದಳು. ಕೈ ಒಣಗುತ್ತಿದ್ದರೂ ಏಳದೆ ನನ್ನ ಉತ್ತರಕ್ಕಾಗಿ ಕಾಯುತ್ತ ಕೂತಿದ್ದಳು.